ಸಾಲಿ ಬಿಟ್ಟ ಮ್ಯಾಲೆ

ನಮ್ಮ ಕಡೆ ಚಾವಿಗೆ ಕೀಲಿಕೈ ಅಂತಾರ.
ಕೀಲಿಗೂ ಒಂದು ಕೈ ಇರತೈತಿ ಅನ್ನೂದು
ಮೂವತ್ತೊಂದು ವರ್ಷ ಕಿಸೆದಾಗ ಇಟಗೊಂಡು ತಿರಗಿದ್ರೂ
ನನಗ ಹೊಳದಿದ್ದಿಲ್ಲ.

ಮುಚ್ಚೂದಷ್ಟ ಗೊತ್ತಿತ್ತು.
ಐದಕ್ಕ ಗಂಟಿ, ಐದೂವರಿಗೆ ಕಿಡಕಿ,
ಆರಕ್ಕ ಗೇಟು.
ಆಮ್ಯಾಲೆ ಸಾಲಿ ಅಂದ್ರ ಪಾರಿವಾಳದ್ದು,
ಬೇವಿನ ನೆಳ್ಳಿಂದು, ಮತ್ತ ನಂದು.

ಗುಳೇದಗುಡ್ಡದ ಮಗ್ಗದ ಓಣಿ ನೋಡೀರಿಲ್ಲೊ,
ಅರ್ಧ ಮನಿ ಮಗ್ಗದ ಕುಣಿಗೆ,
ಉಳದರ್ಧದಾಗ ಒಲಿ, ದೇವರು, ಆರು ಮಂದಿ.
ಹಾಸು ಎಳಿಯಾಕ ಓಣಿಗೇ ಬರಬೇಕು.
ಓಣಿ ತುಂಬ ಈಗ ಬೈಕು, ಟಂಟಂ.
ಮಳಿ ಹಿಡೀತಂದ್ರ ಅದೂ ಇಲ್ಲ.

ಹೋದ ಶ್ರಾವಣದಾಗ ಹನ್ನೊಂದು ಹೆಣಮಕ್ಕಳು ಬಂದು
ಹೆಡ್ ಅಕ್ಕೋರ ಮುಂದ ನಿಂತ್ರು:
“ಸಾಲಿ ಪಡಸಾಲಿ ಉದ್ದ ಐತ್ರೀ.
ಸಂಜಿಮುಂದ ಸುಮ್ನ ಬಿದ್ದಿರತೈತಿ.”

ಅಕ್ಕೋರು ನನ್ನ ಕಡೆ ನೋಡಿದ್ರು. ನಾ ಬ್ಯಾಡಂದೆ.
ಸೀಮೆಸುಣ್ಣ ಹೋಗತಾವ,
ಕರೆಂಟ್ ಬಿಲ್ಲು ಯಾರಪ್ಪ ಕೊಡತಾನ,
ಗುಟ್ಕಾ ಉಗಳತಾರ,
ನಾಳೆ ಏನರ ಆತಂದ್ರ ಸಾಹೇಬ್ರು ಕೇಳೂದು ನನ್ನನ್ನ.
ಸುಳ್ಳೇನು ಹೇಳಲಿಲ್ಲ. ಎಲ್ಲಾ ಆತು ಮುಂದ.
ಎರಡು ಬಲ್ಬು ಹೋದವು. ಭೂಗೋಲಾನೂ ಹೋತು.
ವಾರ ಬಿಟ್ಟು ಸಿಕ್ತು; ಬನವ್ವನ ಮೊಮ್ಮಗ
ಅದರಾಗ ನಮ್ಮೂರು ಹುಡಕಾಕ ಒಯ್ದಿದ್ನಂತ.

ಅಕ್ಕೋರು ಸಹಿ ಮಾಡೇಬಿಟ್ರು.
ಆರರಿಂದ ಎಂಟು, ಎಸ್‌ಡಿಎಂಸಿ ಠರಾವು,
ಗೇಟಿಗೆ ಅಂಟಿಸಿದ್ದು ನಾನ.

ಈಗ ಐದಕ್ಕ ಸಾಲಿ ಬಿಡತೈತಿ,
ಆರಕ್ಕ ಮತ್ತ ಕೂಡತೈತಿ.
ಒಂಬತ್ತು ಕಂಬದ ಪಡಸಾಲ್ಯಾಗ
ಆ ತುದಿಯಿಂದ ಈ ತುದಿಗೆ ಕೆಂಪು ನೂಲು, ಹಸರ ನೂಲು;
ಹಸೀನಾಬಿ ನಡಕೋತ ನಡಕೋತ ಎಳಿ ಎಣಸತಾಳ.
ಪೊಲೀಸ್ ಭರ್ತಿಗೆ ಓದೂ ಹುಡುಗ್ರು
ಒಂದನೇ ಇಯತ್ತೆ ಬೆಂಚಿನ್ಯಾಗ
ಮಣಕಾಲು ಗದ್ದಕ್ಕ ಹಚ್ಚಿ ಕುಂತಿರತಾರ.
ಮುಂಜಾನೆ ಬಂದ ಕೂಸುಗಳು
ಕಂಬಕ್ಕ ಸಿಕ್ಕ ಎಳಿ ಬಿಡಿಸಿ ಬೆರಳಿಗೆ ಸುತಗೋತಾವ.

ಒಂದಿನ ಕರಿಹಲಗಿ ಮ್ಯಾಲೆ ಲೆಕ್ಕ ಉಳದಿತ್ತು:
ಒಂದು ಖಣಕ್ಕ ನೂಲೆಷ್ಟು, ಬಣ್ಣ ಎಷ್ಟು,
ಸಾವಕಾರಗ ಎಷ್ಟು, ಕೂಲಿ ಎಷ್ಟು.
ಐದನೇ ಇಯತ್ತೆ ಹುಡುಗಿ ಒಬ್ಬಾಕಿ ಕೆಳಗ ಬರದಿದ್ಲು,
“ಲೆಕ್ಕ ತಪ್ಪೈತಿ, ಕೂಲಿ ಕಡಿಮಿ ಬಂದೈತಿ.”
ಅಕ್ಕೋರು ಅಳಸಲಿಲ್ಲ.
ಹಲಗಿಯ ಉಳದರ್ಧದಾಗ ಅವತ್ತಿನ ಪಾಠ ಮಾಡಿದ್ರು.

ಇಷ್ಟೆಲ್ಲಾ ಹೇಳಿ
ಹೇಳಬೇಕಾದ್ದ ಹಿಂದ ಉಳೀತು.

ತುಳಜವ್ವ ಮೊದಲನೇ ದಿನ ನೂಲು ಮುಟ್ಟಲಿಲ್ಲ.
ಸೀದಾ ಮೂರನೇ ಖೋಲಿಗೆ ಹೋಗಿ
ಕಿಡಕಿ ಬಾಜೂಕ ನೆಲದ ಮ್ಯಾಲೆ ಕುಂತ್ಲು.
“ಇಲ್ಲೇ ಕುಂದರತಿದ್ದೆ. ಆವಾಗ ಬೆಂಚೆಲ್ಲಿ, ತಟ್ಟು.”
ಆಮ್ಯಾಲೆ ನನ್ನ ಕಡೆ ನೋಡಿ, ಸಿಟ್ಟಿಲ್ಲ, ನಗಿಯಿಲ್ಲ:
“ಕಂಡಿಕಿ ಸುತ್ತಿ ಬರೂದ್ರಾಗ
ಹತ್ತು ನಿಮಿಷ ತಡಾ ಆಗೂದು, ದ್ಯಾವಣ್ಣ.”

ನೆನಪಾತು.
ಹೊಸದಾಗಿ ಸೇರಿದ್ದೆ. ಗಂಟಿ ಆದ ಮ್ಯಾಲೆ
ತೆರೀಬ್ಯಾಡ ಅಂದಿದ್ರು ಆಗಿನ ಮಾಸ್ತರು.
ಗೇಟಿನ ಸರಳು ಹಿಡದ ಎರಡು ಸಣ್ಣ ಕೈ,
ಉಗರಿನ ಸಂದ್ಯಾಗೆಲ್ಲಾ ಕೆಂಪು ಬಣ್ಣ.
ನಾಕು ದಿನ ನಿಂತ್ಲು. ಐದನೇ ದಿನ ಬರಲಿಲ್ಲ.
ಹಾಜರಿ ಪಟ್ಟಿಯಾಗ ಬರದ್ರು: ಸಾಲಿ ಬಿಟ್ಟಾಳ.
ಸಾಲಿ ಯಾರನ್ನ ಬಿಟ್ಟಿತು ಅಂತ ಬರಿಯಾಕ
ಆ ಪಟ್ಟಿಯಾಗ ಮನಿ ಇರಲಿಲ್ಲ.

ನಿನ್ನೆ ಎಂಟು ಹೊಡೀತು.
ಕೀಲಿಕೈ ಹಿಡಕೊಂಡು ಎದ್ದೆ.
ಕಡೀ ಕಂಬದ ಹಂತ್ಯಾಕ ಬಗ್ಗಿ
ಹರದ ಎಳಿ ಹೊಸೀತಿದ್ಲು ತುಳಜವ್ವ.
ತಲಿ ಎತ್ತಲಿಲ್ಲ.
“ಹತ್ತು ನಿಮಿಷ, ದ್ಯಾವಣ್ಣ.”

ಮೆಟ್ಟಲ ಮ್ಯಾಲೆ ಕುಂತೆ.
ಗಡಿಯಾರ ಆಫೀಸಿನ ಒಳಗ ಐತಿ.
ಎದ್ದು ಹೋಗಿ ನೋಡಲಿಲ್ಲ.